ಅಪರೂಪದ ಬರ್ಬನ್ ಬೇಟೆ: ಮೊದಲು ನಾಲಗೆ ಪಳಗಲಿ, ಆಮೇಲೆ ಅಂಗಡಿ ಸುತ್ತೋಣ

ಅಮೆರಿಕದಲ್ಲಿರುವ ಕನ್ನಡದ ಗೆಳೆಯರು ವಿಸ್ಕಿ ಮಾತು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಬ್ಲಾಂಟನ್ಸ್ ಎಲ್ಲಿ ಸಿಗುತ್ತೆ?" ಕೆಲವರು ವೆಲ್ಲರ್ ಕೇಳುತ್ತಾರೆ. ಕೆಲವರು ನೇರವಾಗಿ ಪ್ಯಾಪಿ ವ್ಯಾನ್ ವಿಂಕಲ್‌ಗೇ ಆಸೆ ಪಡುತ್ತಾರೆ. ಇವೆಲ್ಲ ಸುಲಭಕ್ಕೆ ಕೈಗೆ ಸಿಗದ ಬರ್ಬನ್‌ಗಳ ಹೆಸರು; ಬರ್ಬನ್ ಅಂದರೆ ಹೆಚ್ಚಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಹುಡುಕುವುದಕ್ಕೆ ದಾರಿಗಳಿವೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಬೇಟೆ ಶುರುವಾಗಬೇಕಾದ ಜಾಗ ಮನೆಯ ಊಟದ ಮೇಜು. ನಿಮಗೆ ಯಾವ ರುಚಿ ಹಿಡಿಸುತ್ತದೆ ಅಂತ ಗೊತ್ತಿಲ್ಲದೆ ಬೆಳಗಿನ ಜಾವ ಅಂಗಡಿ ಮುಂದೆ ಸಾಲು ನಿಂತರೆ, ಬೇರೆಯವರ ಆಸೆಗೆ ನೀವು ದುಡ್ಡು ಕೊಟ್ಟ ಹಾಗೆ. ಅದಕ್ಕೇ ಇಲ್ಲಿ ಮೊದಲು ರುಚಿ, ಆಮೇಲೆ ಬೇಟೆ.

ಶುರು ಮಾಡುವ ಮುನ್ನ: ಇದು ಯಾಕಿಷ್ಟು ಅಪರೂಪ?

ಬರ್ಬನ್ ಅಂತ ಕರೆಸಿಕೊಳ್ಳಲು ಅಮೆರಿಕದ ಕಾನೂನಿನಲ್ಲಿ ಕೆಲವು ಷರತ್ತುಗಳಿವೆ. ಕಾಳಿನಲ್ಲಿ ಕನಿಷ್ಠ ಶೇಕಡಾ 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಪೀಪಾಯಿಗೆ ತುಂಬುವಾಗ 125 ಪ್ರೂಫ್ ಮೀರಬಾರದು. ಪ್ರೂಫ್ ಅಂದರೆ ಆಲ್ಕೋಹಾಲ್ ಶೇಕಡಾವಾರಿನ ಎರಡರಷ್ಟು, ಅಷ್ಟೇ. ನೀರು ಬಿಟ್ಟು ಬಣ್ಣ, ಸಿಹಿ ಏನನ್ನೂ ಬೆರೆಸುವ ಹಾಗಿಲ್ಲ. ಕೆಂಟಕಿ ರಾಜ್ಯದಲ್ಲೇ ಮಾಡಬೇಕು ಅಂತೇನಿಲ್ಲ, ಅಮೆರಿಕದಲ್ಲಿ ಎಲ್ಲಿ ಬೇಕಾದರೂ ಮಾಡಬಹುದು. ಆದರೂ ಹೆಚ್ಚಿನದು ಕೆಂಟಕಿಯದೇ.

ಹಳೆಯ ಬರ್ಬನ್ ಕಡಿಮೆ ಇರುವುದಕ್ಕೆ ಎರಡು ಕಾರಣಗಳಿವೆ. ಒಂದು, ಪೀಪಾಯಿಯಿಂದ ವರ್ಷ ವರ್ಷವೂ ಒಂದು ಪಾಲು ಆವಿಯಾಗಿ ಹೋಗುತ್ತದೆ. ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಯನ್ನು ಇಪ್ಪತ್ತು ವರ್ಷ ಇಟ್ಟರೆ ಅರ್ಧಕ್ಕಿಂತ ಹೆಚ್ಚು ಗಾಳಿಪಾಲಾಗಿರುತ್ತದೆ. ಎರಡನೆಯದು ಚರಿತ್ರೆ. 1970ರ ನಂತರ ಅಮೆರಿಕದ ಜನ ವೋಡ್ಕಾ ಕಡೆ ವಾಲಿದರು, ಬರ್ಬನ್ ಕೇಳುವವರಿಲ್ಲದೆ ಹೋಯಿತು. ಲೂಯಿವಿಲ್‌ನ ಹೆಸರಾಂತ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿ 1992ರಲ್ಲಿ ಭಟ್ಟಿ ನಿಲ್ಲಿಸಿತು. ಮುಂದೆ ಈ ಶತಮಾನದಲ್ಲಿ ಬೇಡಿಕೆ ಏಕಾಏಕಿ ಏರಿದಾಗ, ಹಿಂದೆ ತುಂಬಿಡದ ಪೀಪಾಯಿಯನ್ನು ಎಲ್ಲಿಂದ ತರುವುದು? ಹಣ ಸುರಿದರೂ ಕಾಲ ಸಿಗುವುದಿಲ್ಲ ಅಲ್ವಾ.

ಇದರ ಮೇಲೆ ಮಾರಾಟದ ವ್ಯವಸ್ಥೆ. 1933ರಲ್ಲಿ ಪಾನನಿಷೇಧ ಹೋದ ಮೇಲೆ ಹೆಚ್ಚಿನ ಕಡೆ ಮೂರು ಹಂತದ ಪದ್ಧತಿ ಬಂತು: ತಯಾರಕರು ಡಿಸ್ಟ್ರಿಬ್ಯೂಟರ್‌ಗೆ, ಅವರು ಅಂಗಡಿಗೆ, ಅಂಗಡಿಯವರು ನಮಗೆ. ಬೇಡಿಕೆ ಜಾಸ್ತಿ ಇರುವ ಬಾಟಲಿಗಳನ್ನು ಡಿಸ್ಟ್ರಿಬ್ಯೂಟರ್ ಲೆಕ್ಕ ಹಾಕಿ ಹಂಚುತ್ತಾರೆ. ಇದನ್ನೇ ಎಲ್ಲರೂ ಅಲೊಕೇಷನ್ ಅನ್ನುವುದು. ವರ್ಷವಿಡೀ ಚೆನ್ನಾಗಿ ಮಾಲು ಎತ್ತುವ ಅಂಗಡಿಗೆ ಒಳ್ಳೆಯ ಪಾಲು ಸಿಗುತ್ತದೆ. ಈ ಒಂದು ವಿಷಯ ತಲೆಯಲ್ಲಿರಲಿ, ಮುಂದೆ ಅಂಗಡಿಯವರ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ಇದೇ ಆಧಾರ.

ಹೆಜ್ಜೆ 1: ಸುಲಭವಾಗಿ ಸಿಗುವ ಐದು ಬಾಟಲಿ ತನ್ನಿ

ಮೆಕ್ಕೆಜೋಳದ ಜೊತೆಗೆ ಯಾವ ಕಾಳು ಸೇರಿದೆ ಅನ್ನುವುದರ ಮೇಲೆ ಬರ್ಬನ್‌ನ ಸ್ವಭಾವ ತುಂಬಾ ನಿಂತಿದೆ. ಈ ಕಾಳುಗಳ ಪ್ರಮಾಣಕ್ಕೆ ಮ್ಯಾಶ್ ಬಿಲ್ ಅನ್ನುತ್ತಾರೆ. ಗೋಧಿ ಸೇರಿದರೆ ಮೃದು, ಬ್ರೆಡ್ಡಿನಂಥ ಸಿಹಿ. ರೈ (ಗೋಧಿಯನ್ನು ಹೋಲುವ ಒಂದು ಧಾನ್ಯ) ಸೇರಿದರೆ ಮಸಾಲೆಯ ಚುರುಕು. ಇದನ್ನು ಓದಿ ತಿಳಿಯುವುದಕ್ಕಿಂತ ಪಕ್ಕಪಕ್ಕ ಇಟ್ಟು ಕುಡಿದರೆ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.

ನಾನು ಹೇಳುವ ಐದು: ಮೇಕರ್ಸ್ ಮಾರ್ಕ್ (ಗೋಧಿ), ಇವಾನ್ ವಿಲಿಯಮ್ಸ್ ಬಾಟಲ್ಡ್-ಇನ್-ಬಾಂಡ್ (ರೈ ಕಡಿಮೆ), ವೈಲ್ಡ್ ಟರ್ಕಿ 101, ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ (ರೈ ಜಾಸ್ತಿ) ಮತ್ತು ಫೋರ್ ರೋಸಸ್ ಸಿಂಗಲ್ ಬ್ಯಾರೆಲ್ (ಶೇಕಡಾ 35 ರೈ). ಮೇಕರ್ಸ್ 90 ಪ್ರೂಫ್, ಉಳಿದ ನಾಲ್ಕೂ 100ರ ಆಸುಪಾಸು. ಹಾಗಾಗಿ ಆ ನಾಲ್ಕನ್ನು ಹೋಲಿಸುವಾಗ ಆಲ್ಕೋಹಾಲಿನ ಏರುಪೇರು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ಬಾಟಲ್ಡ್-ಇನ್-ಬಾಂಡ್ (ಚುಟುಕಾಗಿ ಬಾಂಡೆಡ್) ಅನ್ನುವ ಮಾತಿಗೆ ನಾನು ವಿಶೇಷ ಬೆಲೆ ಕೊಡುತ್ತೇನೆ. 1897ರ ಕಾನೂನದು. ಆಗ ಕಲಬೆರಕೆ ವಿಸ್ಕಿ ಊರೆಲ್ಲ ತುಂಬಿತ್ತು. ಒಂದೇ ಡಿಸ್ಟಿಲರಿ, ಒಂದೇ ಋತುವಿನ ಭಟ್ಟಿ, ಸರ್ಕಾರದ ನಿಗಾ ಇರುವ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ, ಸರಿಯಾಗಿ 100 ಪ್ರೂಫ್. ಲೇಬಲ್ ಮೇಲೆ ಡಿಸ್ಟಿಲರಿಯ ನಂಬರ್ ಸಹ ಇರಬೇಕು. 20 ಡಾಲರ್ ಆಸುಪಾಸಿನ ಬಾಟಲಿಯಲ್ಲೂ ಇಷ್ಟೆಲ್ಲ ಖಾತರಿ ಸಿಗುತ್ತದೆ. ಎಷ್ಟೋ ದುಬಾರಿ ಬಾಟಲಿಗಳ ಲೇಬಲ್ ಇದರ ಅರ್ಧದಷ್ಟೂ ಹೇಳುವುದಿಲ್ಲ.

ಹೆಜ್ಜೆ 2: ಮೂಗು, ನಾಲಗೆ, ನೀರು

ಗ್ಲಾಸು ಮುಖ್ಯ. ಕೆಳಗೆ ಹೊಟ್ಟೆ, ಮೇಲೆ ಕಿರಿದಾದ ಬಾಯಿ ಇರುವ ಗ್ಲೆನ್‌ಕೇರ್ನ್ ಗ್ಲಾಸು ಇದ್ದರೆ ಒಳ್ಳೆಯದು. ಎಲ್ಲರಿಗೂ ಒಂದೇ ಬಗೆಯ ಗ್ಲಾಸು ಇರುವುದು ಅದಕ್ಕಿಂತ ಮುಖ್ಯ. ಒಬ್ಬೊಬ್ಬರಿಗೆ 15 ಮಿಲಿ ಸಾಕು. ಐದು ಬರ್ಬನ್ ನೋಡಿದರೂ ಒಟ್ಟು 75 ಮಿಲಿ. ಅಳತೆ ಕಪ್ಪು ಬಳಸಿ, ಕಣ್ಣಂದಾಜು ಬೇಡ. ಬಂದವರು ಮನೆಗೆ ಹೇಗೆ ಹೋಗುತ್ತಾರೆ ಅಂತ ಮೊದಲೇ ಮಾತಾಡಿಕೊಂಡಿರಿ, ಕಾರಿನ ಕೀಲಿ ಯಾರೂ ಮುಟ್ಟಬಾರದು.

ಮೂಸುವಾಗ ಗ್ಲಾಸನ್ನು ಗದ್ದದ ಹತ್ತಿರ ಹಿಡಿದು ನಿಧಾನಕ್ಕೆ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೆದಿರಲಿ. ಆಗ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆಯುವುದಿಲ್ಲ. ಮೊದಲ ಗುಟುಕು ಬಾಯಿಯನ್ನು ಸಿದ್ಧ ಮಾಡುವುದಕ್ಕೆ ಮಾತ್ರ, ಅದರ ಬಗ್ಗೆ ತೀರ್ಪು ಕೊಡಬೇಡಿ. ಎರಡನೇ ಗುಟುಕನ್ನು ಬಾಯಲ್ಲಿಟ್ಟು ಅಗಿಯುವ ಹಾಗೆ ಆಡಿಸಿ. ಜಿಮ್ ಬೀಮ್ ಮನೆತನದ ಬುಕರ್ ನೋ ಇದನ್ನೇ ಮಾಡಿ ತೋರಿಸುತ್ತಿದ್ದರು, ಹಾಗಾಗಿ ಇದಕ್ಕೆ ಕೆಂಟಕಿ ಚೂ ಅನ್ನುವ ಹೆಸರು ನಿಂತಿದೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅಲ್ಲಿ ಬರುವ ವಾಸನೆಯಲ್ಲೇ ಅರ್ಧ ವಿಷಯ ಇರುತ್ತದೆ.

ನೀರು ಹಾಕಿದರೆ ಬರ್ಬನ್ ಕೆಡುತ್ತದೆ ಅನ್ನುವ ಮಾತನ್ನು ನಂಬಬೇಡಿ. ಪೀಪಾಯಿಯಿಂದ ನೇರ ಬಾಟಲಿಗೆ ಇಳಿಸಿದ ಬ್ಯಾರೆಲ್ ಪ್ರೂಫ್ ಬರ್ಬನ್‌ಗಳು 120, 130 ಪ್ರೂಫ್ ಇರುತ್ತವೆ. ಅವನ್ನು ಮೊದಲು ಹಾಗೇ ಸವಿದು, ಆಮೇಲೆ ನೀರು ಬೆರೆಸಿ ಮತ್ತೆ ಸವಿಯಿರಿ. 120 ಪ್ರೂಫಿನ 30 ಮಿಲಿಗೆ 6 ಮಿಲಿ ನೀರು ಸೇರಿಸಿದರೆ 100 ಪ್ರೂಫ್ ಆಗುತ್ತದೆ. ಔಷಧಿ ಅಂಗಡಿಯ ಡ್ರಾಪರ್ ಅಥವಾ ಸಿರಿಂಜ್ ಇದ್ದರೆ ಅಳತೆ ಸಲೀಸು. ಎಷ್ಟೋ ಸಲ ಬರೀ ಉರಿ ಅನ್ನಿಸಿದ್ದರ ಹಿಂದೆ ಒಳ್ಳೆಯ ಹಣ್ಣಿನ ರುಚಿ ಅಡಗಿರುತ್ತದೆ.

ಹೆಜ್ಜೆ 3: ರುಚಿಗೆ ನಿಮ್ಮದೇ ಹೆಸರಿಡಿ

ಬಾಟಲಿಯ ಹಿಂದೆ ಬರೆದಿರುವ ಟಾಫಿ, ಬಟರ್‌ಸ್ಕಾಚ್, ಗ್ರಹಾಂ ಕ್ರ್ಯಾಕರ್ ಇವೆಲ್ಲ ಅಲ್ಲಿ ಹುಟ್ಟಿ ಬೆಳೆದವರ ಬಾಲ್ಯದ ರುಚಿಗಳು. ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ನಿಖರವಾದ ಪದಗಳು ಬಿದ್ದಿವೆ. ಪಾಕ ಒಂದೆಳೆ ದಾಟಿ ಬಣ್ಣ ತಿರುಗುವಾಗಿನ ವಾಸನೆ, ಜೋನಿಬೆಲ್ಲ, ಹುರಿದ ಕಡಲೆಕಾಯಿ, ಒಣಕೊಬ್ಬರಿ, ಖರ್ಜೂರ, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿ, ಲವಂಗ, ಚಕ್ಕೆ, ಕಳಿತ ಬಾಳೆಹಣ್ಣು, ಕಿತ್ತಳೆ ಸಿಪ್ಪೆ. ಇವನ್ನು ಧಾರಾಳವಾಗಿ ಬಳಸಿ.

ಇವು ಬರೀ ಕಲ್ಪನೆಯೂ ಅಲ್ಲ. ಓಕ್ ಮರವನ್ನು ಸುಟ್ಟಾಗ ಅದರ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ, ಅದೇ ವೆನಿಲಾ. ಮರದೊಳಗಿನ ಸಕ್ಕರೆಯ ಅಂಶ ಕಾದು ಕ್ಯಾರಮೆಲ್ ಆಗುತ್ತದೆ. ಓಕ್‌ನ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ವಾಸನೆ. ಲವಂಗಕ್ಕೆ ಲವಂಗದ ವಾಸನೆ ಕೊಡುವ ಯುಜಿನಾಲ್ ಓಕ್‌ನಲ್ಲೂ ಇದೆ. ಬಾಳೆಹಣ್ಣಿನ ವಾಸನೆ ಯೀಸ್ಟ್ ಹುಳಿ ಬರಿಸುವಾಗ ಹುಟ್ಟುವ ಐಸೋಅಮೈಲ್ ಅಸಿಟೇಟ್‌ನದು. ಓಲ್ಡ್ ಫಾರೆಸ್ಟರ್‌ನಲ್ಲಿ ಅದನ್ನು ಹಲವರು ಗುರುತಿಸುತ್ತಾರೆ. ಜಿಮ್ ಬೀಮ್ ಕಡೆಯ ಬಾಟಲಿಗಳಲ್ಲಿ ಹುರಿದ ಕಡಲೆಕಾಯಿ ಎದ್ದು ಕಾಣುತ್ತದೆ.

ಕೂಟದ ದಿನ ಪುಟ್ಟ ಬಟ್ಟಲುಗಳಲ್ಲಿ ಈ ಸಾಮಾನುಗಳನ್ನೇ ಇಟ್ಟುಬಿಡಿ. ನಾಲ್ಕು ಲವಂಗ ಜಜ್ಜಿ ಒಂದು ಬಟ್ಟಲು, ಬೆಲ್ಲ ಒಂದು, ಕಿತ್ತಳೆ ಸಿಪ್ಪೆ ಒಂದು. ಒಬ್ಬರು ಚಕ್ಕೆ ಅಂತಾರೆ, ಇನ್ನೊಬ್ಬರು ಲವಂಗ ಅಂತಾರೆ ಅಂದುಕೊಳ್ಳಿ. ಇಬ್ಬರೂ ಬಟ್ಟಲು ಮೂಸಿ ಮತ್ತೆ ಗ್ಲಾಸಿಗೆ ಬಂದರೆ ವಾದ ಅಲ್ಲಿಗೆ ಮುಗಿಯುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಎಲ್ಲರೂ ಮೊದಲೇ ಕಲಿಯಬೇಕು: ಖಾರ ಬೇರೆ, ಉರಿ ಬೇರೆ. ರೈ ಕೊಡುವ ಖಾರ ನಾಲಗೆಯ ನಡುವೆ ಮೆಣಸಿನ ಹಾಗೆ ನಿಲ್ಲುತ್ತದೆ. ಆಲ್ಕೋಹಾಲಿನ ಉರಿ ಗಂಟಲಿಗೆ ಇಳಿಯುತ್ತದೆ, ನೀರು ಹಾಕಿದರೆ ತಗ್ಗುತ್ತದೆ. ಖಾರ ಹಾಗೆ ತಗ್ಗುವುದಿಲ್ಲ.

ಹೆಜ್ಜೆ 4: ಹೆಸರು ಮುಚ್ಚಿ ಹೋಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಲೇಬಲ್ ಕಣ್ಣಿಗೆ ಬಿದ್ದ ಕ್ಷಣ ನಾಲಗೆ ಅದರ ಮಾತು ಕೇಳಲು ಶುರು ಮಾಡುತ್ತದೆ. ಎಂಥ ಪಳಗಿದವರಿಗೂ ಇದು ತಪ್ಪಿದ್ದಲ್ಲ.

ನಾಲ್ಕರಿಂದ ಆರು ಜನ ಸಾಕು. ಒಬ್ಬರು ಅಡುಗೆಮನೆಯಲ್ಲಿ ಸುರಿಯಬೇಕು. ಗ್ಲಾಸಿನ ತಳಕ್ಕೆ ಪೇಪರ್ ಟೇಪ್ ಅಂಟಿಸಿ ಬಾಟಲಿಯ ಹೆಸರು ಬರೆಯಿರಿ. ಆಮೇಲೆ ಎರಡನೆಯವರು ಒಳಗೆ ಹೋಗಿ, ತಳ ನೋಡದೆ, ಗ್ಲಾಸುಗಳನ್ನು ಅದಲು ಬದಲು ಮಾಡಿ ಮುಂದೆ 1, 2, 3 ಅಂತ ಚೀಟಿ ಇಡಬೇಕು. ಈಗ ಯಾವುದು ಎಲ್ಲಿದೆ ಅಂತ ಸುರಿದವರಿಗೂ ಗೊತ್ತಿಲ್ಲ, ಅದಲು ಬದಲು ಮಾಡಿದವರಿಗೂ ಗೊತ್ತಿಲ್ಲ. ಹೀಗಾದರೆ ಅವರೂ ಕೂತು ಸವಿಯಬಹುದು. ಪ್ರೂಫ್ ತೀರಾ ಬೇರೆಬೇರೆ ಇದ್ದರೆ ಮಾತ್ರ ಕಡಿಮೆಯಿಂದ ಜಾಸ್ತಿಗೆ ಸಾಲು ಮಾಡಿ. ಇಲ್ಲದಿದ್ದರೆ 130 ಪ್ರೂಫಿನ ನಂತರ ಬರುವ 90 ಪ್ರೂಫು ಸಪ್ಪೆ ನೀರಿನ ಹಾಗೆ ಅನ್ನಿಸಿ ಅನ್ಯಾಯವಾಗುತ್ತದೆ.

ಬಾಟಲಿ ಆರಿಸುವಾಗ ಎರಡು ಉಪಾಯ ಮಾಡಿ. ಒಂದು, ದುಬಾರಿ ಬಾಟಲಿಗಳ ನಡುವೆ ಇವಾನ್ ವಿಲಿಯಮ್ಸ್ ಬಾಂಡೆಡ್ ಥರದ್ದೊಂದು ಸೇರಿಸಿಬಿಡಿ. ಎರಡು, ಒಂದೇ ಬರ್ಬನ್ ಅನ್ನು ಎರಡು ಗ್ಲಾಸಿನಲ್ಲಿಡಿ. ಈ ಎರಡನೆಯದೇ ನಿಜವಾದ ಕನ್ನಡಿ. ಒಂದೇ ಬರ್ಬನ್‌ಗೆ ನೀವು ಒಂದು ಗ್ಲಾಸಿನಲ್ಲಿ ಮೊದಲ ಸ್ಥಾನ, ಇನ್ನೊಂದರಲ್ಲಿ ನಾಲ್ಕನೇ ಸ್ಥಾನ ಕೊಟ್ಟಿದ್ದರೆ, ಆ ಸಂಜೆ ನಿಮ್ಮ ನಾಲಗೆ ಎಷ್ಟು ಅಲುಗಾಡುತ್ತಿದೆ ಅಂತ ಅಳತೆ ಸಿಕ್ಕಿತು. ಉಳಿದ ಗ್ಲಾಸುಗಳ ನಡುವಿನ ಸಣ್ಣ ವ್ಯತ್ಯಾಸಗಳಿಗೆ ಆಗ ಜಾಸ್ತಿ ಬೆಲೆ ಕೊಡಬೇಡಿ.

ಎರಡೇ ಬಾಟಲಿ ಹೋಲಿಸಬೇಕಾದಾಗ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಬರ್ಬನ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಕೆಲವು ಸುತ್ತು ಬೇಕು. ಬಫಲೋ ಟ್ರೇಸ್ ಮತ್ತು ಈಗಲ್ ರೇರ್ ಇದಕ್ಕೆ ಒಳ್ಳೆಯ ಜೋಡಿ. ಎರಡೂ ಒಂದೇ ಡಿಸ್ಟಿಲರಿಯವು, ಒಂದೇ ಮ್ಯಾಶ್ ಬಿಲ್, ಎರಡೂ 90 ಪ್ರೂಫ್. ಈಗಲ್ ರೇರ್ ಹತ್ತು ವರ್ಷದ್ದು. ಆ ವಯಸ್ಸಿನ ವ್ಯತ್ಯಾಸ ನಿಮಗೆ ಸಿಗುತ್ತಾ? ಸಿಕ್ಕರೆ ಅದಕ್ಕೆ ಎಷ್ಟು ಹೆಚ್ಚು ಕೊಡಲು ತಯಾರಿದ್ದೀರಿ?

ನೂರಕ್ಕೆ ಇಷ್ಟು ಅಂತ ಅಂಕ ಕೊಡುವುದು ನನಗೆ ಒಗ್ಗುವುದಿಲ್ಲ. 88ಕ್ಕೂ 89ಕ್ಕೂ ಏನು ವ್ಯತ್ಯಾಸ? ಅದರ ಬದಲು ಇಷ್ಟದ ಕ್ರಮದಲ್ಲಿ ಬರೆಯಿರಿ, ಮತ್ತು ಪ್ರತಿಯೊಂದರ ಮುಂದೆ ಒಂದು ಮೊತ್ತ ಬರೆಯಿರಿ: ಈ ಬಾಟಲಿಗೆ ನಾನು ಎಷ್ಟು ಡಾಲರ್ ಕೊಡುತ್ತೇನೆ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು, "ಆಹಾ" ಅಂತಲೂ ಅನ್ನಬಾರದು. ಕೂಟದಲ್ಲಿ ಒಬ್ಬರು ಗಟ್ಟಿಯಾಗಿ "ಚೆರ್ರಿ" ಅಂದರೆ ಉಳಿದವರಿಗೆಲ್ಲ ಚೆರ್ರಿಯೇ ಕಾಣುತ್ತದೆ. ಬರೆದ ಮೇಲೆ ಗ್ಲಾಸು ತಿರುಗಿಸಿ ತಳ ನೋಡಿ. ಆ ಮೊತ್ತಗಳ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಳ್ಳಿ, ಅಂಗಡಿಯಲ್ಲಿ ಅದೇ ನಿಮ್ಮ ಕೈಪಿಡಿ.

ಇನ್ನೆರಡು ಸಣ್ಣ ಮಾತು. ಈಗಷ್ಟೇ ತೆರೆದ ಬಾಟಲಿಯ ಮೊದಲ ಪೆಗ್ ಕೆಲವೊಮ್ಮೆ ಬಿಗಿಯಾಗಿರುತ್ತದೆ, ಕೆಲವು ದಿನ ಗಾಳಿಯಾಡಿದ ಮೇಲೆ ಸಡಿಲವಾಗುತ್ತದೆ. ಹಾಗಾಗಿ ಹೋಲಿಸುವ ಬಾಟಲಿಗಳನ್ನೆಲ್ಲ ಒಂದು ವಾರ ಮೊದಲೇ ತೆರೆದಿಡಿ. ಮತ್ತೆ ಅವತ್ತು ಒಗ್ಗರಣೆ, ಊದುಬತ್ತಿ, ಸೆಂಟು ಯಾವುದೂ ಬೇಡ. ತಿನ್ನಲು ಉಪ್ಪಿಲ್ಲದ ಬಿಸ್ಕತ್ತು ಸಾಕು. ಬಿಸಿಬೇಳೆಬಾತ್ ಆಮೇಲೆ ಬರಲಿ.

ಹೆಜ್ಜೆ 5: ಏನನ್ನು ಹುಡುಕಬೇಕು

ಈಗ ನಿಮ್ಮ ನಾಲಗೆ ಒಂದು ಕಡೆ ವಾಲಿರುತ್ತದೆ. ಗೋಧಿಯದು ಹಿಡಿಸಿದ್ದರೆ ವೆಲ್ಲರ್ ಮನೆತನ, ಲಾರ್ಸೆನಿ ಬ್ಯಾರೆಲ್ ಪ್ರೂಫ್, ಓಲ್ಡ್ ಫಿಟ್ಜ್‌ಜೆರಾಲ್ಡ್ ಬಾಂಡೆಡ್ ನಿಮ್ಮ ಬೇಟೆ. ವೆಲ್ಲರ್ ಮತ್ತು ವ್ಯಾನ್ ವಿಂಕಲ್ ಎರಡೂ ಈಗ ಬಫಲೋ ಟ್ರೇಸ್ ಡಿಸ್ಟಿಲರಿಯಲ್ಲಿ ಗೋಧಿಯ ಮ್ಯಾಶ್ ಬಿಲ್‌ನಿಂದಲೇ ತಯಾರಾಗುತ್ತವೆ. 107 ಪ್ರೂಫಿನ ವೆಲ್ಲರ್ ಆ್ಯಂಟೀಕ್ ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ. 23 ವರ್ಷ ಮಾಗಿದ ಪ್ಯಾಪಿ 23ಕ್ಕೆ ಕಂಪನಿ ಸೂಚಿಸುವ ಬೆಲೆ ಕೆಲವು ನೂರು ಡಾಲರ್, ಹೊರಗೆ ಕೇಳುವುದು ಸಾವಿರಗಳಲ್ಲಿ. ಅಷ್ಟು ವರ್ಷ ಮರದಲ್ಲಿ ಕೂತದ್ದು ಕೆಲವರಿಗೆ ಬರೀ ಒಗರು ಅನ್ನಿಸುತ್ತದೆ. ಕೊಳ್ಳುವ ಮೊದಲು ಯಾವುದಾದರೂ ಒಳ್ಳೆಯ ವಿಸ್ಕಿ ಬಾರಿನಲ್ಲಿ ಅರ್ಧ ಔನ್ಸ್ ಸವಿದು ನೋಡಿ.

ಖಾರ ಬೇಕಾದವರಿಗೆ ನನ್ನ ಸಲಹೆ ಫೋರ್ ರೋಸಸ್‌ನ ಅಂಗಡಿ ಆಯ್ಕೆಗಳು. ಆ ಡಿಸ್ಟಿಲರಿಯಲ್ಲಿ ಎರಡು ಮ್ಯಾಶ್ ಬಿಲ್, ಐದು ಯೀಸ್ಟ್, ಒಟ್ಟು ಹತ್ತು ಪಾಕವಿಧಾನ. ಪ್ರತಿಯೊಂದಕ್ಕೂ ನಾಲ್ಕಕ್ಷರದ ಗುರುತಿದೆ. ಓಬಿಎಸ್‌ವಿ ಅಂದರೆ ಎರಡನೇ ಅಕ್ಷರ 'ಬಿ' ರೈ ಜಾಸ್ತಿ ಇರುವ ಮ್ಯಾಶ್ ಬಿಲ್, ಕೊನೆಯ 'ವಿ' ಯೀಸ್ಟ್. 'ಬಿ' ಬದಲು 'ಇ' ಇದ್ದರೆ ರೈ ಶೇಕಡಾ 20. ಅಂಗಡಿಯವರು ಅಥವಾ ಒಂದು ಕ್ಲಬ್ಬಿನವರು ಒಂದೇ ಪೀಪಾಯಿಯನ್ನು ಆರಿಸಿ ಪೂರ್ತಿ ಕೊಂಡಿರುತ್ತಾರೆ. ಪಾಕ, ವಯಸ್ಸು, ಪ್ರೂಫ್ ಎಲ್ಲ ಬಾಟಲಿಯ ಮೇಲಿರುತ್ತದೆ. ಆ ಪೀಪಾಯಿ ಮುಗಿದರೆ ಮುಗಿಯಿತು, ಪ್ರಪಂಚದಲ್ಲಿ ಅದು ಮತ್ತೆಲ್ಲೂ ಇಲ್ಲ. ಪ್ಯಾಪಿಗಿಂತ ನಿಜಕ್ಕೂ ಅಪರೂಪ, ಆದರೂ ಹೊಡೆದಾಟವಿಲ್ಲದೆ ಸಿಗುತ್ತದೆ. ರಸೆಲ್ಸ್ ರಿಸರ್ವ್, ನಾಬ್ ಕ್ರೀಕ್, ಎಲಿಜಾ ಕ್ರೇಗ್‌ಗಳಲ್ಲೂ ಇಂಥ ಆಯ್ಕೆಗಳಿವೆ. ಹೊಸದಾಗಿ ಹುಡುಕಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಗುರಿ ನನಗೆ ಗೊತ್ತಿಲ್ಲ.

ವಯಸ್ಸಿನ ಅಂಕಿ ನೋಡಿ ಮರುಳಾಗಬೇಡಿ. ಕೆಂಟಕಿಯ ಎತ್ತರದ ಉಗ್ರಾಣಗಳಲ್ಲಿ ಮೇಲಿನ ಮಹಡಿ ಕಾದು ಬೇಗ ಮಾಗಿಸುತ್ತದೆ, ಕೆಳಗೆ ತಂಪು, ನಿಧಾನ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯನ್ನೇ ನೋಡಿ. ಬರ್ಬನ್‌ಗೆ ಒಮ್ಮೆ ಬಳಸಿದ ಪೀಪಾಯಿಗಳಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿ ಇಡುತ್ತಾರೆ. ಅಲ್ಲಿ ವರ್ಷಕ್ಕೆ ಶೇಕಡಾ 10ರಿಂದ 12ರಷ್ಟು ಆವಿಯಾಗುತ್ತದೆ, ಹಾಗಾಗಿ ಕೆಲವೇ ವರ್ಷಕ್ಕೆ ಮಾಲು ಮಾಗಿರುತ್ತದೆ.

ಹೆಜ್ಜೆ 6: ನಿಮ್ಮ ರಾಜ್ಯದ ನಿಯಮ ತಿಳಿಯಿರಿ

ಅಮೆರಿಕದ 17 ರಾಜ್ಯಗಳಲ್ಲಿ ಮದ್ಯದ ಸಗಟು ವ್ಯಾಪಾರ, ಕೆಲವು ಕಡೆ ಚಿಲ್ಲರೆ ಅಂಗಡಿಯೂ, ಸರ್ಕಾರದ ಹಿಡಿತದಲ್ಲಿದೆ. ಪೆನ್ಸಿಲ್ವೇನಿಯಾ, ವರ್ಜೀನಿಯಾ, ಓಹಾಯೋ, ನಾರ್ತ್ ಕೆರೊಲಿನಾ, ಒರೆಗಾನ್, ಯೂಟಾ ಅವುಗಳಲ್ಲಿ ಕೆಲವು. ಇಲ್ಲಿ ಬೆಲೆ ಸರ್ಕಾರದ್ದೇ, ಅಂಗಡಿಯವರು ಏರಿಸುವಂತಿಲ್ಲ. ಅಪರೂಪದ ಬಾಟಲಿಗಳಿಗೆ ಹಲವು ಕಡೆ ಲಾಟರಿ ಇದೆ. ಹೆಸರು ನೋಂದಾಯಿಸಿಕೊಂಡರೆ ಗೆದ್ದಾಗ ಮಾತ್ರ ದುಡ್ಡು ಕೊಟ್ಟರಾಯಿತು. ಮೇರಿಲ್ಯಾಂಡ್‌ನ ಮಾಂಟ್ಗೊಮೆರಿ ಕೌಂಟಿಯೂ ಹೀಗೆ ಲಾಟರಿ ನಡೆಸುತ್ತದೆ. ವಾಷಿಂಗ್ಟನ್ ಸುತ್ತಮುತ್ತ ಇರುವ ನಮ್ಮವರು ಅದನ್ನು ಬಿಡಬಾರದು. ಮನೆಯಲ್ಲಿ 21 ದಾಟಿದ ಇಬ್ಬರಿದ್ದರೆ ನಿಯಮ ಒಪ್ಪುವ ಕಡೆ ಇಬ್ಬರೂ ಹೆಸರು ಹಾಕಿ.

ಈ ಪದ್ಧತಿಯಲ್ಲೂ ಮೋಸ ನಡೆದಿದೆ. 2023ರಲ್ಲಿ ಒರೆಗಾನ್‌ನ ಮದ್ಯ ಆಯೋಗದ ಹಿರಿಯ ಅಧಿಕಾರಿಗಳೇ ಪ್ಯಾಪಿ ಥರದ ಬಾಟಲಿಗಳನ್ನು ತಮಗಾಗಿ ತೆಗೆದಿರಿಸಿಕೊಂಡಿದ್ದು ಬಯಲಾಯಿತು. ಆದರೂ ಸಾಮಾನ್ಯ ಗಿರಾಕಿಗೆ ನ್ಯಾಯವಾದ ಬೆಲೆಯಲ್ಲಿ ಸಿಗುವ ಅವಕಾಶ ಈ ಲಾಟರಿಗಳಲ್ಲೇ ಹೆಚ್ಚು ಅಂತ ನನ್ನ ಅಭಿಪ್ರಾಯ.

ಟೆಕ್ಸಸ್, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಥರದ ರಾಜ್ಯಗಳಲ್ಲಿ ಖಾಸಗಿ ಅಂಗಡಿಗಳು. ಬೆಲೆ ಅವರಿಷ್ಟ. ಒಂದೇ ಬಾಟಲಿ ಒಂದು ಕಡೆ 70 ಡಾಲರ್, ಎರಡು ರಸ್ತೆ ಆಚೆ ಅದರ ಮೂರರಷ್ಟು. ಇಲ್ಲಿ ಕಾಲು ಸವೆಸಬೇಕು, ಪರಿಚಯ ಬೆಳೆಸಬೇಕು.

ಹೆಜ್ಜೆ 7: ಅಂಗಡಿಯವರ ಜೊತೆ ನಂಟು

ಎರಡು ಮೂರು ಅಂಗಡಿ ಆರಿಸಿಕೊಳ್ಳಿ, ಹತ್ತಲ್ಲ. ಮನೆಗೆ ಬೇಕಾದ ವೈನು, ಬಿಯರು, ದಿನಬಳಕೆಯ ವಿಸ್ಕಿ ಎಲ್ಲ ಅಲ್ಲೇ ಕೊಳ್ಳಿ. ನೀವು ಎತ್ತುವ ಸಾದಾ ಮಾಲಿನಿಂದಲೇ ಅವರ ಅಲೊಕೇಷನ್ ಬೆಳೆಯುತ್ತದೆ. ಅದಕ್ಕೇ ಅವರು ನಿಮ್ಮನ್ನು ನೆನಪಿಡುತ್ತಾರೆ. ಮೊದಲ ದಿನವೇ ಒಳಗೆ ಕಾಲಿಟ್ಟು "ಬ್ಲಾಂಟನ್ಸ್ ಇದೆಯಾ?" ಅಂತ ಕೇಳಬೇಡಿ, ಆ ಪ್ರಶ್ನೆ ಅವರು ದಿನವಿಡೀ ಕೇಳಿರುತ್ತಾರೆ. "ಈಚೆಗೆ ನಿಮ್ಮ ಅಂಗಡಿಗೆ ಅಂತ ಆರಿಸಿದ ಪೀಪಾಯಿ ಯಾವುದು? ನಿಮಗೆ ಯಾವುದು ಇಷ್ಟ?" ಅಂತ ಕೇಳಿ. ಮಾತು ತಾನಾಗಿ ಬೆಳೆಯುತ್ತದೆ. ಮುಂದಿನ ಸಲ ಹೋದಾಗ ಅದು ಹೇಗಿತ್ತು ಅಂತ ನಿಮ್ಮ ಮಾತಲ್ಲಿ ಹೇಳಿ. ಹೆಜ್ಜೆ 3ರ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ರುಚಿಯ ಬಗ್ಗೆ ಮಾತಾಡುವ ಗಿರಾಕಿ ಅವರಿಗೂ ಅಪರೂಪ.

ಬಹಳ ಊರುಗಳಲ್ಲಿ ಇಂಥ ಅಂಗಡಿಗಳನ್ನು ನಡೆಸುವವರು ಗುಜರಾತಿಗಳು. ಹಿಂದಿಯಲ್ಲಿ ನಾಲ್ಕು ಮಾತಾಡಿದರೆ ನಂಟು ಬೇಗ ಬೆಸೆಯುತ್ತದೆ, ಆದರೆ ಅದನ್ನೇ ಹಕ್ಕು ಅಂತ ಚಲಾಯಿಸಬೇಡಿ. ಲಾರಿ ಬರುವ ದಿನ ಯಾವುದು ಅಂತ ತಿಳಿದುಕೊಳ್ಳಿ. ಜೊತೆಗೆ ಬೇಡದ ವೋಡ್ಕಾವನ್ನೂ ಕೊಂಡರೆ ಮಾತ್ರ ಬರ್ಬನ್ ಕೊಡುತ್ತೇವೆ ಅಂದರೆ ನಯವಾಗಿ ಬೇಡ ಅನ್ನಿ.

ವರ್ಷದ ಲೆಕ್ಕವೂ ಗೊತ್ತಿರಲಿ. ಎಲಿಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ವರ್ಷಕ್ಕೆ ಮೂರು ಸಲ: ಜನವರಿ, ಮೇ, ಸೆಪ್ಟೆಂಬರ್. ಲೇಬಲ್ ಮೇಲಿನ ಗುರುತು ಓದುವುದು ಸುಲಭ. ಬಿ524 ಅಂದರೆ ವರ್ಷದ ಎರಡನೇ ಕಂತು, ಐದನೇ ತಿಂಗಳು, 2024. ಓಲ್ಡ್ ಫಾರೆಸ್ಟರ್ ಬರ್ತ್‌ಡೇ ಬರ್ಬನ್ ಸೆಪ್ಟೆಂಬರ್ ಆಸುಪಾಸು, ಕಂಪನಿ ಕಟ್ಟಿದ ಜಾರ್ಜ್ ಗಾರ್ವಿನ್ ಬ್ರೌನ್ ಹುಟ್ಟಿದ್ದು ಸೆಪ್ಟೆಂಬರ್ 2ರಂದು. ಬಫಲೋ ಟ್ರೇಸ್ ಆ್ಯಂಟೀಕ್ ಕಲೆಕ್ಷನ್ (ಆ ಡಿಸ್ಟಿಲರಿ ವರ್ಷಕ್ಕೊಮ್ಮೆ ಹೊರತರುವ ಅಪರೂಪದ ವಿಸ್ಕಿಗಳು) ಮತ್ತು ವ್ಯಾನ್ ವಿಂಕಲ್ ಚಳಿ ಶುರುವಾಗುವ ಹೊತ್ತಿಗೆ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಲಾಟರಿ ಪ್ರಕಟಣೆಗಳ ಮೇಲೆ ಕಣ್ಣಿಡಿ.

ಸಾಧ್ಯವಾದರೆ ಒಮ್ಮೆ ಕೆಂಟಕಿಗೇ ಹೋಗಿಬನ್ನಿ. ಲೂಯಿವಿಲ್‌ನಲ್ಲಿ ಉಳಿದುಕೊಂಡು ಬಾರ್ಡ್ಸ್‌ಟೌನ್, ಲಾರೆನ್ಸ್‌ಬರ್ಗ್, ಫ್ರ್ಯಾಂಕ್‌ಫರ್ಟ್ ಸುತ್ತಬಹುದು. ಫ್ರ್ಯಾಂಕ್‌ಫರ್ಟ್‌ನ ಬಫಲೋ ಟ್ರೇಸ್‌ನ ಅಂಗಡಿಯಲ್ಲಿ ಅವತ್ತು ಏನಿದೆಯೋ ಅದು ನ್ಯಾಯವಾದ ಬೆಲೆಗೆ ಸಿಗುತ್ತದೆ, ತಲೆಗೆ ಇಷ್ಟೇ ಅಂತ ಮಿತಿ ಇರುತ್ತದೆ. ಡಿಸ್ಟಿಲರಿ ನೋಡಲು ಮುಂಚಿತವಾಗಿ ಬುಕ್ ಮಾಡಿಕೊಳ್ಳಿ.

ಹೆಜ್ಜೆ 8: ನಕಲಿ ಮಾಲು, ಹಳೆಯ ಬಾಟಲಿ

ಲೈಸೆನ್ಸ್ ಇಲ್ಲದವರು ಮದ್ಯ ಮಾರುವುದು ಅಪರಾಧ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳಿಸುವುದಕ್ಕೂ ನಿಷೇಧವಿದೆ. ಇದನ್ನು ಪಕ್ಕಕ್ಕಿಟ್ಟರೂ, ಅಪರಿಚಿತರಿಂದ ಕೊಳ್ಳುವುದರಲ್ಲಿ ದೊಡ್ಡ ಅಪಾಯವೆಂದರೆ ಖಾಲಿ ಬಾಟಲಿಗೆ ಬೇರೆ ಏನೋ ತುಂಬಿ ಕೊಡುವುದು. ಅದಕ್ಕೇ ನೀವು ಮುಗಿಸಿದ ದುಬಾರಿ ಬಾಟಲಿಯನ್ನು ಯಾರಿಗೂ ಮಾರಬೇಡಿ, ಎಸೆಯುವ ಮೊದಲು ಲೇಬಲ್ ಕೆರೆದು ಹಾಕಿ.

ಬ್ಲಾಂಟನ್ಸ್ ಬಾಟಲಿಯನ್ನು ಹತ್ತಿರದಿಂದ ನೋಡುವುದನ್ನು ಕಲಿಯಿರಿ. 1984ರಲ್ಲಿ ಭಟ್ಟಿಯ ಮುಖ್ಯಸ್ಥ ಎಲ್ಮರ್ ಟಿ. ಲೀ ಹೊರತಂದ ಈ ಸಿಂಗಲ್ ಬ್ಯಾರೆಲ್ (ಒಂದೇ ಪೀಪಾಯಿಯಿಂದ ತುಂಬಿದ) ಬರ್ಬನ್‌ನ ಲೇಬಲ್ ಮೇಲೆ ಪೀಪಾಯಿ ಖಾಲಿ ಮಾಡಿದ ದಿನಾಂಕ, ಪೀಪಾಯಿಯ ನಂಬರ್, ಉಗ್ರಾಣದ ಅಕ್ಷರ, ಅದು ಕೂತಿದ್ದ ಸಾಲಿನ ನಂಬರ್ ಎಲ್ಲ ಇರುತ್ತದೆ. ಮುಚ್ಚಳದ ಮೇಲೆ ಕುದುರೆ ಸವಾರ. ಅದರಲ್ಲಿ ಎಂಟು ಬಗೆ. ಕುದುರೆಯ ಕಾಲ ಬಳಿ ಒಂದೊಂದು ಪುಟ್ಟ ಅಕ್ಷರ, ಎಂಟೂ ಸೇರಿದರೆ ಬ್ಲಾಂಟನ್ಸ್ ಅನ್ನುವ ಹೆಸರು. ಓಟ ಶುರುವಾಗುವ ಭಂಗಿಯಿಂದ ಗೆದ್ದು ಕೈ ಎತ್ತುವ ಭಂಗಿಯವರೆಗೆ ಸಾಗುತ್ತದೆ. ಚೆಂದವಾಗಿದೆ, ಕೂಡಿಡಿ. ಆದರೆ ಯಾವ ಅಕ್ಷರವಿದ್ದರೂ ಒಳಗಿನ ಬರ್ಬನ್‌ಗೆ ಸಂಬಂಧವಿಲ್ಲ, ಅಕ್ಷರಕ್ಕಾಗಿ ಜಾಸ್ತಿ ಕೊಡಬೇಡಿ. ಸೀಲು ಸುಕ್ಕುಗಟ್ಟಿದ್ದರೆ, ಬೇರೆ ಬಾಟಲಿಗಳಿಗಿಂತ ಒಳಗಿನ ಬರ್ಬನ್‌ನ ಮಟ್ಟ ಮೇಲೆ ಕೆಳಗೆ ಇದ್ದರೆ ಅಲ್ಲೇ ವಾಪಸ್ ಇಡಿ.

ಹಳೆಯ ಕಾಲದ ಬಾಟಲಿಗಳನ್ನು ಡಸ್ಟಿ ಅನ್ನುತ್ತಾರೆ. ಕಾಲ ಗುರುತಿಸಲು ಕೆಲವು ಸುಳಿವು: ಮುಚ್ಚಳದ ಮೇಲೆ ತೆರಿಗೆ ಪಟ್ಟಿ ಇದ್ದರೆ 1985ರ ಆಸುಪಾಸು ಅಥವಾ ಅದಕ್ಕೂ ಹಿಂದಿನದು. ಬಾಂಡೆಡ್‌ಗೆ ಹಸಿರು ಪಟ್ಟಿ, ಉಳಿದವಕ್ಕೆ ಕೆಂಪು. ಗರ್ಭಿಣಿಯರಿಗೆ ಎಚ್ಚರಿಕೆ ಹೇಳುವ ಸರ್ಕಾರಿ ಸೂಚನೆ ಇಲ್ಲದಿದ್ದರೆ 1989ರ ಕೊನೆಗಿಂತ ಹಳೆಯದು. ಗಾಜಿನ ತಳದಲ್ಲಿ ಎರಡಂಕಿಯ ಇಸವಿಯೂ ಹಲವೊಮ್ಮೆ ಸಿಗುತ್ತದೆ. ಕೆಂಟಕಿಯಲ್ಲಿ 2018ರಿಂದ, ಲೈಸೆನ್ಸ್ ಇರುವ ಅಂಗಡಿ ಮತ್ತು ಬಾರುಗಳು ಹಳೆಯ ಬಾಟಲಿಗಳನ್ನು ಜನರಿಂದ ಕೊಂಡು ಮಾರಲು ಕಾನೂನು ಒಪ್ಪಿದೆ. ಡಸ್ಟಿ ಸವಿಯಲು ಅದೇ ಸರಿಯಾದ ಜಾಗ. ಪಿಂಗಾಣಿಯ ಅಲಂಕಾರದ ಬಾಟಲಿಗಳಿಂದ ದೂರ ಇರಿ, ಕೆಲವದರಿಂದ ಸೀಸ ಒಳಗಿಳಿಯುವ ಸಾಧ್ಯತೆ ಇದೆ.

ಹೆಜ್ಜೆ 9: ಸಿಕ್ಕ ಮೇಲೆ

ತೆರೆಯಿರಿ. ಒಬ್ಬರಿಗೆ ಭಾರ ಅನ್ನಿಸಿದರೆ ಗೆಳೆಯರು ಒಟ್ಟಿಗೆ ದುಡ್ಡು ಹಾಕಿ ಒಂದೇ ಬಾಟಲಿ ತೆಗೆದುಕೊಳ್ಳಿ. 750 ಮಿಲಿಯಲ್ಲಿ 60 ಮಿಲಿಯ ಹನ್ನೆರಡು ಪುಟ್ಟ ಸೀಸೆ ತುಂಬುತ್ತವೆ, 30 ಮಿಲಿ ಉಳಿಯುತ್ತದೆ. ಅದನ್ನು ಹುಡುಕಿ ತಂದವರಿಗೆ ಕೊಡುವುದು ನಮ್ಮ ಗುಂಪಿನ ರೂಢಿ. ಹೀಗೆ ಹಂಚಿಕೊಂಡದ್ದನ್ನು ಮುಂದಿನ ಕೂಟದಲ್ಲಿ ಹೆಸರು ಮುಚ್ಚಿ, 30 ಡಾಲರಿನ ಬಾಟಲಿಗಳ ನಡುವೆ ಇಡಿ. ಆಗ ಬರೆದ ಮೊತ್ತವನ್ನು ನಿಜವಾಗಿ ಕೊಟ್ಟ ಬೆಲೆಯ ಪಕ್ಕ ಇಟ್ಟು ನೋಡಿದರೆ, ಮುಂದಿನ ವರ್ಷ ಯಾವ ಲಾಟರಿಗೆ ಹೆಸರು ಹಾಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಬಾಟಲಿಯನ್ನು ಯಾವಾಗಲೂ ನಿಲ್ಲಿಸಿಯೇ ಇಡಿ. ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತದೆ. ಬಿಸಿಲು, ಒಲೆಯ ಬಿಸಿ ತಾಗದ ಕಪಾಟು ಸಾಕು. ಮೂರರಲ್ಲೊಂದು ಪಾಲಿಗಿಂತ ಕೆಳಗಿಳಿದರೆ ಸಣ್ಣ ಸೀಸೆಗೆ ಬಗ್ಗಿಸಿಡಿ, ಇಲ್ಲ ಬೇಗ ಮುಗಿಸಿ.

ಊರಿಗೆ ತರುವವರಿಗೆ: ಭಾರತಕ್ಕೆ ಬರುವ ಪ್ರಯಾಣಿಕರಿಗೆ ಸುಂಕವಿಲ್ಲದೆ ಇರುವ ಮಿತಿ ತಲೆಗೆ 2 ಲೀಟರ್. 750 ಮಿಲಿಯ ಎರಡು ಬಾಟಲಿ ಆರಾಮಾಗಿ ಬರುತ್ತವೆ, ಮೂರನೆಯದು ಮಿತಿ ದಾಟುತ್ತದೆ. ವಿಮಾನದಲ್ಲಿ ಶೇಕಡಾ 70 ಆಲ್ಕೋಹಾಲ್, ಅಂದರೆ 140 ಪ್ರೂಫ್ ಮೀರಿದ್ದನ್ನು ಒಯ್ಯುವ ಹಾಗೇ ಇಲ್ಲ. ಜಾರ್ಜ್ ಟಿ. ಸ್ಟ್ಯಾಗ್ ಅನ್ನುವ ಬರ್ಬನ್ ಕೆಲವು ವರ್ಷ ಅದನ್ನು ದಾಟಿದೆ, ಪ್ಯಾಕ್ ಮಾಡುವ ಮೊದಲು ಲೇಬಲ್ ಓದಿ. ಚೆಕ್-ಇನ್ ಬ್ಯಾಗಿನಲ್ಲಿ ಸೀಲು ಒಡೆಯದ ಅಂಗಡಿಯ ಬಾಟಲಿಗೆ ಮಾತ್ರ ಅವಕಾಶ. ಮನೆಯಲ್ಲಿ ತುಂಬಿದ 60 ಮಿಲಿ ಸೀಸೆಗಳನ್ನು ಅದರಲ್ಲಿ ಹಾಕುವಂತಿಲ್ಲ. ಹಾಗಾಗಿ ಬೆಂಗಳೂರಿನ ಗೆಳೆಯರ ಜೊತೆ ಹೋಲಿಸಿ ಸವಿಯಬೇಕು ಅಂದರೆ ಒಂದು ಗೋಧಿಯದು, ಒಂದು ರೈ ಜಾಸ್ತಿ ಇರುವುದು, ಎರಡು ಸೀಲು ಬಾಟಲಿ ಆರಿಸಿ ಬಟ್ಟೆಯ ನಡುವೆ ಸುತ್ತಿ ತನ್ನಿ. ಮೂರನೇ ಗ್ಲಾಸಿಗೆ ಅಮೃತ್ ಅಲ್ಲೇ ಸಿಗುತ್ತದೆ.